ಕೊಳಚೆಗೆ ಹೆಪ್ಪು ಹಾಕಿದ ಫೌಲರ್

ಇಂದು ಬೆಳಗ್ಗೆ ನೀವು ಮುಖ ತೊಳೆದ ನೀರು ಈಗ ಎಲ್ಲಿದೆ?

ಬಚ್ಚಲಿನಿಂದ ಹೊರಗೆ ಹೋಯಿತು, ಅಷ್ಟೇ ಎನ್ನುತ್ತೀರಿ. ನಿಮ್ಮ ಪಾಲಿಗೆ ಅದರ ಕಥೆ ಅಲ್ಲಿಗೆ ಮುಗಿಯಿತು. ನೀರಿನ ಪಾಲಿಗೆ ಮುಗಿಯಲಿಲ್ಲ. ಅದು ಮನೆ ಮುಂದಿನ ಚರಂಡಿಗೆ ಇಳಿಯಿತು. ಪಕ್ಕದ ಮನೆಯ ಪಾತ್ರೆ ತೊಳೆದ ನೀರು, ಹೋಟೆಲಿನ ಎಣ್ಣೆಜಿಡ್ಡು, ಬಟ್ಟೆಯ ಸೋಪು, ಶೌಚಾಲಯದ ನೀರು ಎಲ್ಲವೂ ಅದರ ಜೊತೆ ಸೇರಿದವು. ನೀವು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವಿಜಯಪುರದವರಾಗಿದ್ದರೆ ರೇಷ್ಮೆಗೂಡು ಬೇಯಿಸಿದ ತೊಟ್ಟಿಯ ನೀರೂ ಸೇರಿರಬಹುದು. (ವಿಜಯಪುರ ಎಂದ ಕೂಡಲೇ ಗೋಳಗುಮ್ಮಟ ನೆನಪಾಯಿತೇ? ಬಿಜಾಪುರಕ್ಕೆ ಸರ್ಕಾರ ಆ ಹೆಸರು ಕೊಟ್ಟದ್ದು 2014ರಲ್ಲಿ. ದೇವನಹಳ್ಳಿ ತಾಲ್ಲೂಕಿನ ಈ ರೇಷ್ಮೆಯ ಊರು ಅದಕ್ಕೂ ಎಷ್ಟೋ ಮೊದಲಿನಿಂದ ವಿಜಯಪುರ.)

ಈ ಊರಿನ ಸುತ್ತ ವರ್ಷವಿಡೀ ಹರಿಯುವ ನದಿ ಇಲ್ಲ. ಇರುವುದು ಕೆರೆಗಳು. ಮತ್ತೆ, ಆಳಕ್ಕೆ ಇನ್ನೂ ಆಳಕ್ಕೆ ಇಳಿಯುತ್ತಿರುವ ಕೊಳವೆ ಬಾವಿಗಳು. ಚರಂಡಿ ನೀರು ತಗ್ಗಿನ ಕಡೆಗೇ ಹರಿಯುತ್ತದೆ. ನಮ್ಮ ಸೀಮೆಯಲ್ಲಿ ತಗ್ಗು ಎಂದರೆ ಕೆರೆ. ಕೆರೆಯ ನೀರು ನೆಲಕ್ಕಿಂಗುತ್ತದೆ. ನೆಲದ ನೀರು ಕೊಳವೆ ಬಾವಿಗೆ ಬರುತ್ತದೆ. ಅಲ್ಲಿಂದ ನಿಮ್ಮ ಮನೆಯ ಕೊಡಕ್ಕೆ. ಅಂದರೆ ನೀವು ಹೊರಗೆ ಕಳಿಸಿದ ನೀರು ಸುತ್ತಿ ಬಳಸಿ ಮತ್ತೆ ನಿಮ್ಮ ಬಳಿಗೇ ಬರುವ ಸಂಭವ ಇದೆ! ಹಾಗಿದ್ದ ಮೇಲೆ ಆ ನೀರನ್ನು ನಡುದಾರಿಯಲ್ಲಿ ತಡೆದು ತೊಳೆಯಬೇಕು.

ನೀರನ್ನೇ ತೊಳೆಯುವುದೇ? ಹೌದು. ಸೋಪಿನಿಂದಲ್ಲ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳಿಂದ. ಇಂದು ಜಗತ್ತಿನ ದೊಡ್ಡ ದೊಡ್ಡ ನಗರಗಳು ಕೊಳಚೆ ನೀರನ್ನು ಶುದ್ಧಮಾಡುವ ವಿಧಾನಕ್ಕೆ ದಾರಿ ತೋರಿಸಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನಲ್ಲಿ ಪಾಠ ಹೇಳಿದ್ದರು, ನಿವೃತ್ತರಾದ ಮೇಲೆ ಇಲ್ಲೇ ನೆಲೆಸಿದ್ದರು. ಅವರ ಹೆಸರು ಗಿಲ್ಬರ್ಟ್ ಜಾನ್ ಫೌಲರ್. ಕೊಳಚೆ ನೀರಿನ ವಿಜ್ಞಾನ ಓದಿದವರಿಗೆಲ್ಲ ಇದು ಪರಿಚಿತ ಹೆಸರು. ನಮ್ಮ ಶಾಲೆಗಳಲ್ಲಿ ಮಾತ್ರ ಇದನ್ನು ಕೇಳಿದವರು ಕಡಿಮೆ.

ಫೌಲರ್ ಹುಟ್ಟಿದ್ದು 1868ರಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಓವೆನ್ಸ್ ಕಾಲೇಜಿನಲ್ಲಿ ರಸಾಯನ ವಿಜ್ಞಾನ ಕಲಿತರು. ಆಗಿನ ಮ್ಯಾಂಚೆಸ್ಟರ್ ಹೇಗಿತ್ತು ಗೊತ್ತೇ? ಅದು ಹತ್ತಿ ಗಿರಣಿಗಳ ಊರು. ನಮ್ಮ ದೇಶದ ಹತ್ತಿಯೂ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿ, ಬಟ್ಟೆಯಾಗಿ ಮತ್ತೆ ನಮ್ಮ ಸಂತೆಗಳಿಗೇ ಬರುತ್ತಿತ್ತು. ಗಿರಣಿಗಳು ಹೆಚ್ಚಿದವು, ಜನ ಹೆಚ್ಚಿದರು, ಕೊಳಚೆಯೂ ಹೆಚ್ಚಿತು. ಊರಿನ ನಡುವೆ ಹರಿಯುವ ಇರ್‌ವೆಲ್ ನದಿ ಬಣ್ಣದ ನೀರು, ಎಣ್ಣೆ, ಮಲಮೂತ್ರಗಳನ್ನು ಹೊತ್ತು ಕಪ್ಪಾಯಿತು. 1894ರಲ್ಲಿ ಸಮುದ್ರದಿಂದ ಮ್ಯಾಂಚೆಸ್ಟರ್‌ವರೆಗೆ ಹಡಗಿನ ಕಾಲುವೆ ತೆರೆಯಿತು. ಹಡಗುಗಳ ದಾರಿ ಕೊಳಚೆಯ ದಾರಿಯಾಗಬಾರದಲ್ಲ? ಆದ್ದರಿಂದ ಅದೇ ವರ್ಷ ಕಾಲುವೆಯ ಪಕ್ಕದ ಡೇವಿಹ್ಯೂಮ್ ಎಂಬಲ್ಲಿ ನಗರಸಭೆಯ ಕೊಳಚೆ ನೀರು ಶುದ್ಧೀಕರಣ ಘಟಕವೂ ಶುರುವಾಯಿತು.

ಕೆಲವು ವರ್ಷಗಳಲ್ಲಿ ಫೌಲರ್ ಆ ಘಟಕದ ರಸಾಯನ ವಿಜ್ಞಾನಿಯಾಗಿ, ಮೇಲ್ವಿಚಾರಕರಾಗಿ ಸೇರಿದರು. ಯೋಚಿಸಿ ನೋಡಿ. ದೊಡ್ಡ ಕಾಲೇಜಿನಲ್ಲಿ ಓದಿದ ತರುಣ. ಬಣ್ಣದ ಕಾರ್ಖಾನೆ, ಔಷಧದ ಕಾರ್ಖಾನೆ ಎಂದು ಬೇರೆ ದಾರಿಗಳು ಇಲ್ಲದಿರಲಿಲ್ಲ. ಅವರು ಆರಿಸಿಕೊಂಡದ್ದು ಇಡೀ ಊರು ಮೂಗು ಮುಚ್ಚಿಕೊಂಡು ದೂರ ಸರಿಯುವ ಕೆಲಸವನ್ನು. ಮುಂದೆ ಅವರು ನಗರದ ಸಲಹೆಗಾರರಾದರು, ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು. ಆದರೂ ಡೇವಿಹ್ಯೂಮಿನ ನಂಟು ಬಿಡಲಿಲ್ಲ.

ಆಗ ಕೊಳಚೆ ನೀರನ್ನು ಶುದ್ಧಮಾಡಲು ಏನು ಮಾಡುತ್ತಿದ್ದರು? ಸುಣ್ಣದಂಥ ರಾಸಾಯನಿಕ ಹಾಕಿ, ತೇಲುವ ಕಶ್ಮಲವನ್ನು ತಳಕ್ಕೆ ಇಳಿಸುತ್ತಿದ್ದರು. ತಳದಲ್ಲಿ ನಿಂತ ಕೆಸರನ್ನು ಹಡಗಿಗೆ ತುಂಬಿ ಸಮುದ್ರಕ್ಕೆ ಸುರಿದು ಬರುತ್ತಿದ್ದರು. ಕೆಸರು ಸಾಗಿಸುವುದಕ್ಕೆಂದೇ ಹಡಗು! ಮೇಲೆ ಉಳಿದ ನೀರು ನೋಡಲು ತಿಳಿಯಾಗಿದ್ದರೂ ಅದರಲ್ಲಿ ಕರಗಿದ ಕೊಳೆ ಹಾಗೇ ಇರುತ್ತಿತ್ತು. ಆಮೇಲೆ ಸುಟ್ಟ ಕಲ್ಲಿದ್ದಲಿನ ಕಿಟ್ಟ ತುಂಬಿದ ಅಗಲವಾದ ತೊಟ್ಟಿಗಳು ಬಂದವು. ಕೊಳಚೆ ನೀರನ್ನು ಅದರಲ್ಲಿ ತುಂಬಿ, ಕೆಲ ಹೊತ್ತು ನಿಲ್ಲಿಸಿ, ಹರಿಯಬಿಟ್ಟು, ತೊಟ್ಟಿಗೆ ಗಾಳಿಯಾಡಲು ಬಿಡುವುದು. ಕಿಟ್ಟದ ಮೇಲೆ ಲೋಳೆಯಂತೆ ಬೆಳೆದ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತಿದ್ದವು. ಇದು ಒಳ್ಳೆಯ ಉಪಾಯವೇ. ಆದರೆ ಎಕರೆಗಟ್ಟಲೆ ಜಾಗ ಬೇಕು. ಊರು ಬೆಳೆದಂತೆ ತೊಟ್ಟಿಗಳೂ ಬೆಳೆಯಬೇಕು. ಎಲ್ಲಿಯವರೆಗೆ?

ಇಲ್ಲಿ ಸ್ವಲ್ಪ ನಿಲ್ಲೋಣ. ಬ್ಯಾಕ್ಟೀರಿಯಾ ಕೊಳೆಯನ್ನು ತಿನ್ನುತ್ತದೆ ಎಂದರೆ ಏನು?

ಕೊಳಚೆ ನೀರು ಎಷ್ಟು ಕೊಳಕಾಗಿ ಕಂಡರೂ ಅದರ ಸಾವಿರ ಪಾಲಿನಲ್ಲಿ ಸುಮಾರು 999 ಪಾಲು ನೀರೇ. ಉಳಿದ ಒಂದು ಪಾಲು ಅನ್ನದ ಅಂಶ, ಜಿಡ್ಡು, ಸೋಪು, ಮಲಮೂತ್ರ, ಮಣ್ಣು. ನಮಗೆ ಅದು ಹೇಸಿಗೆ, ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಆದರೆ ಊಟ ಅರಗಲು ಅವಕ್ಕೂ ನಮ್ಮಂತೆ ಆಕ್ಸಿಜನ್ ಬೇಕು. ಒಂದು ಲೀಟರ್ ಶುದ್ಧ ನೀರಿನಲ್ಲಿ ನಮ್ಮ ಹವೆಗೆ ಕರಗಿರುವ ಆಕ್ಸಿಜನ್ ಸುಮಾರು 8 ಮಿಲಿಗ್ರಾಂ ಮಾತ್ರ. ಕೆರೆಗೆ ಕೊಳಚೆ ಬಂದು ಬಿದ್ದರೆ ಬ್ಯಾಕ್ಟೀರಿಯಾಗಳು ಉಣ್ಣುತ್ತಾ ಆ ಆಕ್ಸಿಜನ್ನನ್ನೆಲ್ಲ ಮುಗಿಸಿಬಿಡುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಬೆಳಗಾಗುವ ಹೊತ್ತಿಗೆ ಕೆರೆಯಂಚಿನಲ್ಲಿ ಬೆಳ್ಳಗೆ ತೇಲುವ ಮೀನುಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ನಂತರ ಆಕ್ಸಿಜನ್ ಬೇಡದ ಬೇರೆ ಬ್ಯಾಕ್ಟೀರಿಯಾಗಳ ಆಳ್ವಿಕೆ. ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಹಾಗಾದರೆ ಕೊಳಚೆ ನೀರು ಕೆರೆಗೆ ಸೇರುವ ಮೊದಲೇ ಅದಕ್ಕೆ ಗಾಳಿ ಊದಿದರೆ? ಈ ಯೋಚನೆ ಹಲವರಿಗೆ ಬಂದಿತ್ತು. ಪ್ರಯೋಗಗಳೂ ನಡೆದಿದ್ದವು. ಗಾಳಿ ಊದಿದಾಗ ನೀರು ಶುದ್ಧವಾಗುವುದೇನೋ ನಿಜ, ಆದರೆ ವಾರಗಟ್ಟಲೆ ಊದಬೇಕು. ಅಷ್ಟು ಗಾಳಿ ಊದುವ ಖರ್ಚನ್ನು ಯಾವ ಊರು ಭರಿಸೀತು?

1912ರಲ್ಲಿ ಫೌಲರ್ ಅಮೆರಿಕಕ್ಕೆ ಹೋದರು. ನ್ಯೂಯಾರ್ಕ್ ಬಂದರಿನ ಕೊಳಚೆಯ ಬಗ್ಗೆ ಸಲಹೆ ಕೊಡುವುದು ಅವರ ಕೆಲಸವಾಗಿತ್ತು. ಅದೇ ಪ್ರವಾಸದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪ್ರಯೋಗ ಕೇಂದ್ರವನ್ನೂ ನೋಡಿದರು. ಮೆರಿಮ್ಯಾಕ್ ನದಿಯ ದಂಡೆಯ ಆ ಕೇಂದ್ರ ನೀರು ಶುದ್ಧೀಕರಣದ ಕೆಲಸಗಾರರಿಗೆ ಆಗ ಒಂದು ಯಾತ್ರಾಸ್ಥಳದಂತಿತ್ತು. ಅಲ್ಲಿ ಸೀಸೆಯೊಂದರಲ್ಲಿ ಕೊಳಚೆ ನೀರಿಗೆ ಗಾಳಿ ಊದುತ್ತಿದ್ದರು. ಸೀಸೆಯ ಗೋಡೆಗೆ ಹಸಿರು ಪಾಚಿ ಅಂಟಿತ್ತು. ಪಾಚಿ ಬೆಳೆದಿದ್ದ ಸೀಸೆಯಲ್ಲಿ ನೀರು ಚೆನ್ನಾಗಿ ತಿಳಿಯಾಗುತ್ತಿತ್ತು. ನೋಡಿದವರು ಎಷ್ಟೋ ಮಂದಿ. ಫೌಲರರ ತಲೆಯಲ್ಲಿ ಮಾತ್ರ ಅದು ಹುಳದಂತೆ ಕೊರೆಯತೊಡಗಿತು. ಸೀಸೆಯಲ್ಲೇ ಉಳಿದುಕೊಂಡ ಜೀವಿಗಳು ಮುಂದಿನ ನೀರಿನ ಕೆಲಸವನ್ನು ಚುರುಕಾಗಿಸುತ್ತಿವೆಯೇ?

ಇದೇ ಹೊತ್ತಿಗೆ ಮ್ಯಾಂಚೆಸ್ಟರಿನಲ್ಲಿ ಅವರು ಮಮ್‌ಫರ್ಡ್ ಎಂಬ ಸಂಶೋಧಕರ ಜೊತೆ ಇನ್ನೊಂದು ಕೆಲಸದಲ್ಲಿ ತೊಡಗಿದ್ದರು. ಕಲ್ಲಿದ್ದಲ ಗಣಿಯ ನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿತ್ತು. ಅದಕ್ಕೆ ಎಂ-7 ಎಂದು ಗುರುತು ಕೊಟ್ಟಿದ್ದರು. ಸ್ವಲ್ಪ ಕಬ್ಬಿಣದ ಲವಣ, ಸ್ವಲ್ಪ ಗಾಳಿ ಕೊಟ್ಟರೆ ಅದು ಕೊಳಚೆಯಲ್ಲಿ ತೇಲುವ ಕಣಗಳನ್ನು ಉಂಡೆಕಟ್ಟಿಸಿ ತಳಕ್ಕಿಳಿಸುತ್ತಿತ್ತು. ಎಂ-7 ಮುಂದೆ ಬಳಕೆಗೆ ಬರಲಿಲ್ಲ. ಆದರೆ ಬ್ಯಾಕ್ಟೀರಿಯಾವನ್ನು ಬೇಕೆಂದೇ ಬೆಳೆಸಿ ಕೊಳಚೆಗೆ ಸೇರಿಸಬಹುದು ಎಂಬ ಧೈರ್ಯ ಬಂತು.

ಇನ್ನು ಮುಖ್ಯ ಪ್ರಯೋಗಕ್ಕೆ ಬರೋಣ. ಡೇವಿಹ್ಯೂಮಿನ ಪ್ರಯೋಗಶಾಲೆಯಲ್ಲಿ ಎಡ್ವರ್ಡ್ ಆರ್ಡನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ಕೆಲಸ ಮಾಡುತ್ತಿದ್ದರು. ಲಾರೆನ್ಸಿನಲ್ಲಿ ಕಂಡದ್ದನ್ನು ಫೌಲರ್ ಅವರಿಗೆ ವಿವರಿಸಿ, ಪ್ರಯೋಗ ಮಾಡಿ ನೋಡುವಂತೆ ಸೂಚಿಸಿದರು. ಇಬ್ಬರೂ ಗಾಜಿನ ಸೀಸೆಗಳಲ್ಲಿ ಕೊಳಚೆ ನೀರು ತುಂಬಿದರು. ಪಾಚಿ ಬೆಳೆಯದಂತೆ ಸೀಸೆಗಳಿಗೆ ಕಂದು ಕಾಗದ ಸುತ್ತಿದರು. ಏಕೆ ಗೊತ್ತೇ? ಪಾಚಿಗೆ ಬೆಳಕು ಬೇಕು, ಬ್ಯಾಕ್ಟೀರಿಯಾಕ್ಕೆ ಬೇಡ. ಶುದ್ಧಮಾಡುವ ಕೆಲಸ ಯಾರದು ಎಂದು ತಿಳಿಯಬೇಕಾದರೆ ಒಬ್ಬರನ್ನು ಹೊರಗಿಡಬೇಕಲ್ಲವೇ? ಎರಡು ಕಾಸಿನ ಕಾಗದದಿಂದ ಆ ಕೆಲಸ ಆಯಿತು. ಪ್ರಯೋಗವೆಂದರೆ ದುಬಾರಿ ಉಪಕರಣ ಬೇಕೆಂದು ಕೊರಗುವವರು ಈ ಕಾಗದವನ್ನು ನೆನೆಯಬಹುದು.

ಗಾಳಿ ಊದಿದರು. ಮೊದಲ ಸಲ ನೀರು ಪೂರ್ತಿ ಶುದ್ಧವಾಗಲು, ಅಂದರೆ ಅದರಲ್ಲಿದ್ದ ಅಮೋನಿಯಾ ಎಲ್ಲ ನೈಟ್ರೇಟ್ ಆಗಿ ಬದಲಾಗಲು, ಸುಮಾರು ಐದು ವಾರ ಹಿಡಿಯಿತು. ಇದರಲ್ಲಿ ಹೊಸತೇನಿಲ್ಲ. ಹೊಸತು ಮುಂದಿನ ಹೆಜ್ಜೆಯಲ್ಲಿತ್ತು. ಅವರು ಮೇಲಿನ ತಿಳಿನೀರನ್ನು ಮಾತ್ರ ಬಗ್ಗಿಸಿ, ತಳದಲ್ಲಿ ನಿಂತ ಕಂದು ಕೆಸರನ್ನು ಸೀಸೆಯಲ್ಲೇ ಬಿಟ್ಟರು. ಅದರ ಮೇಲೆ ಹೊಸ ಕೊಳಚೆ ನೀರು ಸುರಿದು ಮತ್ತೆ ಗಾಳಿ ಊದಿದರು. ಈ ಸಲ ಬೇಗ ಶುದ್ಧವಾಯಿತು. ಮತ್ತೆ ತಿಳಿ ಬಗ್ಗಿಸಿ, ಕೆಸರು ಉಳಿಸಿ, ಹೊಸ ನೀರು ಹಾಕಿದರು. ಇನ್ನೂ ಬೇಗ. ಹೀಗೆ ಮಾಡುತ್ತಾ ಹೋದಂತೆ ಕೆಸರು ಹೆಚ್ಚಿತು, ಕಾಲ ಇಳಿಯಿತು. ಕೊನೆಗೆ ಐದು ವಾರದ ಕೆಲಸ 24 ಗಂಟೆಯೊಳಗೆ ಮುಗಿಯತೊಡಗಿತು! ಕೆಸರಿನ ಪ್ರಮಾಣ ಹೆಚ್ಚಿಸಿದಾಗ ಇನ್ನೂ ಕಡಿಮೆ ಹೊತ್ತು ಸಾಕಾಯಿತು. ಅಲ್ಲಿಯವರೆಗೆ ಎಲ್ಲರೂ ಕಸವೆಂದು ಹೊರಗೆ ಚೆಲ್ಲುತ್ತಿದ್ದ ಕೆಸರಿನಲ್ಲೇ ಕೆಲಸಗಾರರ ಪಡೆ ಇತ್ತು.

ನಿಮ್ಮ ಅಜ್ಜಿಗೆ ಈ ವಿದ್ಯೆ ಹೊಸದಲ್ಲ. ಹಾಲನ್ನು ಸುಮ್ಮನೆ ಇಟ್ಟರೆ ಯಾವಾಗಲೋ ಹುಳಿಯಾಗುತ್ತದೆ, ಒಡೆಯಲೂಬಹುದು. ನಿನ್ನೆಯ ಮೊಸರಿನ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಗಟ್ಟಿ ಮೊಸರು. ಹೆಪ್ಪಿನಲ್ಲಿರುವುದು ಹಾಲಿನ ಕೆಲಸದಲ್ಲಿ ಪಳಗಿದ ಬ್ಯಾಕ್ಟೀರಿಯಾಗಳು. ಡೇವಿಹ್ಯೂಮಿನ ಕೆಸರು ಕೊಳಚೆಗೆ ಹಾಕಿದ ಹೆಪ್ಪು. ಇಂದು ರಾತ್ರಿ ಮನೆಯಲ್ಲಿ ಹೀಗೆ ಮಾಡಿ ನೋಡಿ. ಎರಡು ಲೋಟಗಳಲ್ಲಿ ಕಾಯಿಸಿ ಆರಿಸಿದ ಉಗುರುಬೆಚ್ಚಗಿನ ಹಾಲು ತೆಗೆದುಕೊಳ್ಳಿ. ಒಂದಕ್ಕೆ ಮಾತ್ರ ಹೆಪ್ಪು ಹಾಕಿ. ಎರಡನ್ನೂ ಮುಚ್ಚಿಟ್ಟು ಬೆಳಗ್ಗೆ ನೋಡಿ. ಕೊಳಚೆ ನೀರಿನಿಂದ ಮಾತ್ರ ನೀವು ಪ್ರಯೋಗ ಮಾಡಬೇಡಿ. ಅದರಲ್ಲಿ ಕಾಲರಾ, ವಿಷಮಶೀತ ಜ್ವರದಂಥ ರೋಗಗಳ ಸೂಕ್ಷ್ಮಜೀವಿಗಳೂ ಇರಬಹುದು.

1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನ ಸಭೆಯೊಂದರಲ್ಲಿ ಆರ್ಡನ್ ಮತ್ತು ಲಾಕೆಟ್ ತಮ್ಮ ಫಲಿತಾಂಶವನ್ನು ಮಂಡಿಸಿದರು. ಆ ಕೆಸರಿಗೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಕ್ರಿಯಾಶೀಲ ಕೆಸರು ಎನ್ನಬಹುದು. ಪ್ರಬಂಧದ ಮೇಲಿದ್ದದ್ದು ಇಬ್ಬರ ಹೆಸರು ಮಾತ್ರ. ಪ್ರಯೋಗಕ್ಕೆ ಪ್ರೇರಣೆ ಫೌಲರರ ಸಲಹೆ ಎಂದು ಅವರು ಅದರೊಳಗೆ ಹೇಳಿದ್ದರು. ಸೀಸೆಗಳ ಮುಂದೆ ನಿಂತು ಕೈ ಕೊಳೆ ಮಾಡಿಕೊಂಡವರು ಅವರು, ಹೆಸರು ಅವರದೇ ಇರಬೇಕಾದದ್ದು ಸರಿ. ಹಾಗೆಂದು ಫೌಲರರನ್ನು ಯಾರೂ ಮರೆಯಲಿಲ್ಲ. ಕ್ರಿಯಾಶೀಲ ಕೆಸರಿನ ಚರಿತ್ರೆ ಬರೆದವರೆಲ್ಲ ಮೂರು ಹೆಸರನ್ನೂ ಒಟ್ಟಿಗೇ ಬರೆಯುತ್ತಾರೆ. ಕೆಲವೇ ವರ್ಷಗಳಲ್ಲಿ ಇಂಗ್ಲೆಂಡ್, ಅಮೆರಿಕಗಳ ಊರುಗಳು ಈ ವಿಧಾನದ ತೊಟ್ಟಿಗಳನ್ನು ಕಟ್ಟತೊಡಗಿದವು.

ಈಗ ನಮ್ಮ ಕಡೆಗೆ ಬರೋಣ. 1916ರಲ್ಲಿ ಫೌಲರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ನಮ್ಮ ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವುದು ಇದನ್ನೇ. ಆಗ ಮೈಸೂರು ಸಂಸ್ಥಾನದ ದಿವಾನರು ಸರ್ ಎಂ. ವಿಶ್ವೇಶ್ವರಯ್ಯನವರು. ವಿಜಯಪುರದಿಂದ ದೂರವೇನೂ ಇಲ್ಲದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರ ಕೆಲಸಗಳಲ್ಲಿ ನಾವು ಅಣೆಕಟ್ಟುಗಳನ್ನು ಮಾತ್ರ ನೆನೆಯುತ್ತೇವೆ. ಮುಂಬಯಿ ಪ್ರಾಂತ್ಯದಲ್ಲಿ ಅವರು ನೈರ್ಮಲ್ಯ ಎಂಜಿನಿಯರ್ ಆಗಿದ್ದರು, 1906ರಲ್ಲಿ ಏಡನ್ ಬಂದರಿನ ನೀರು ಮತ್ತು ಚರಂಡಿಗೆ ಯೋಜನೆ ಹಾಕಿಕೊಟ್ಟರು ಎಂಬುದು ನಿಮಗೆ ತಿಳಿದಿರಲಿ.

ಆಗ ಮೊದಲ ಮಹಾಯುದ್ಧದ ಕಾಲ. ಸಿಡಿಮದ್ದು ತಯಾರಿಸಲು ಅಸಿಟೋನ್ ಎಂಬ ದ್ರವ ಬೇಕಿತ್ತು. ಹಿಪ್ಪೆ ಹೂವನ್ನು ಹುದುಗಿಸಿ ಅಸಿಟೋನ್ ತೆಗೆಯುವ ಬಗೆಯನ್ನು ಸಂಸ್ಥೆಯಲ್ಲಿ ಫೌಲರ್ ಮತ್ತು ಸಂಗಡಿಗರು ಸಂಶೋಧಿಸಿದರು. ಮತ್ತೆ ಅದೇ ಬ್ಯಾಕ್ಟೀರಿಯಾಗಳ ಕೆಲಸ, ನೋಡಿ. 1921ರಲ್ಲಿ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ಶುರುವಾದಾಗ ಫೌಲರರೇ ಅದರ ಮೊದಲ ಮುಖ್ಯಸ್ಥರು. ಜೀವರಸಾಯನ ಎಂಬ ವಿಷಯ ನಮ್ಮ ದೇಶಕ್ಕೆ ಆಗ ಹೊಚ್ಚಹೊಸದು. ಕೊಳಚೆಯ ಪ್ರಯೋಗಗಳೂ ಇಲ್ಲಿ ಮುಂದುವರಿದವು. ಉಕ್ಕಿನ ಪಟ್ಟಣವಾದ ಜಮ್‌ಶೆಡ್‌ಪುರದಲ್ಲಿ 1920ರ ದಶಕದಲ್ಲೇ ಕ್ರಿಯಾಶೀಲ ಕೆಸರಿನ ಘಟಕ ಕೆಲಸ ಮಾಡುತ್ತಿತ್ತು.

ಆದರೆ ಭಾರತಕ್ಕೆ ಬಂದ ಮೇಲೆ ಫೌಲರರ ಗಮನ ಬೇರೆಡೆಗೆ ಹೊರಳಿತು. ಮ್ಯಾಂಚೆಸ್ಟರಿನಲ್ಲಿ ಪ್ರಶ್ನೆ ನದಿಯನ್ನು ಉಳಿಸುವುದಾಗಿತ್ತು. ಇಲ್ಲಿ ಹೊಲದ ಪ್ರಶ್ನೆಯೂ ಇತ್ತು. ಬೆಳೆಗೆ ಸಾರಜನಕ ಬೇಕು. ರೈತ ಬೆಳೆದ ರಾಗಿ, ಅವರೆ, ಸೊಪ್ಪಿನ ಜೊತೆ ಹೊಲದ ಸಾರಜನಕ ಊರಿಗೆ ಬರುತ್ತದೆ. ಊರಿನವರ ಹೊಟ್ಟೆ ಸೇರುತ್ತದೆ, ಅಲ್ಲಿಂದ ಚರಂಡಿಗೆ. ಅದನ್ನು ನೀರಿನೊಡನೆ ಹರಿಯಲು ಬಿಟ್ಟರೆ ಹೊಲ ಬಡವಾಗುತ್ತದೆ, ಕೆರೆಗೆ ಬೇಡದ ಸಂಪತ್ತು ಬಂದು ಕಳೆ ಹಬ್ಬುತ್ತದೆ. 1922ರಲ್ಲಿ ಫೌಲರ್ ಮತ್ತು ಅವರ ಸಹೋದ್ಯೋಗಿ ರೇಗೆ ಬೆಂಗಳೂರಿನಲ್ಲಿ ಕ್ರಿಯಾಶೀಲ ಗೊಬ್ಬರದ ವಿಧಾನವೊಂದನ್ನು ರೂಪಿಸಿದರು. ಚೆನ್ನಾಗಿ ಕಾವೇರಿ ಕೊಳೆಯುತ್ತಿರುವ ಗೊಬ್ಬರದ ರಾಶಿಯನ್ನೇ ಹೆಪ್ಪಾಗಿ ಇಟ್ಟುಕೊಂಡು ಅದಕ್ಕೆ ಹೊಸ ಕಸ ಸೇರಿಸುತ್ತಾ ಹೋಗುವುದು. ಸೀಸೆಯ ಉಪಾಯ ತಿಪ್ಪೆಗೆ ಬಂದಿತ್ತು!

1924ರಲ್ಲಿ ಫೌಲರ್ ಸಂಸ್ಥೆಯನ್ನು ಬಿಟ್ಟರು. ಕೆಲಕಾಲ ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಪ್ರಾಂಶುಪಾಲರಾಗಿದ್ದು ಮತ್ತೆ ಬೆಂಗಳೂರಿಗೇ ಬಂದರು. 1934ರಲ್ಲಿ ಸಾರಜನಕವನ್ನು ಪೋಲಾಗದಂತೆ ಉಳಿಸಿಕೊಳ್ಳುವ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. 1939ರಲ್ಲಿ ಇದೇ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಅವರು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಗೊಬ್ಬರ ಮಾಡುವ ವಿಧಾನವನ್ನು ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಈಗಲೂ ಅದಕ್ಕೆ ಬೆಂಗಳೂರು ವಿಧಾನ ಎಂದೇ ಹೆಸರು. ಫೌಲರ್ 1953ರಲ್ಲಿ ತೀರಿಕೊಂಡರು.

ರೇಷ್ಮೆಯ ಊರಿನ ಮಕ್ಕಳಿಗೆ ಸಾರಜನಕದ ಮಾತು ಬೇಗ ಅರ್ಥವಾದೀತು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ನೂಲನ್ನು ಅಂಟಿಸಿರುವ ಸೆರಿಸಿನ್ ಎಂಬ ಗೋಂದು ಸಡಿಲವಾಗಲಿ ಎಂದು. ಸೆರಿಸಿನ್ ಒಂದು ಪ್ರೋಟೀನು. ಪ್ರೋಟೀನೆಂದರೆ ಅದರಲ್ಲಿ ಸಾರಜನಕ ಇದ್ದೇ ಇದೆ. ತೊಟ್ಟಿಯ ನೀರು ಒಂದೇ ದಿನದಲ್ಲಿ ಏಕೆ ಅಷ್ಟು ನಾರುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತೇ? ಹಿಪ್ಪುನೇರಳೆ ತೋಟಕ್ಕೆ ಹಾಕಿದ ಗೊಬ್ಬರವೇ ಸೊಪ್ಪಾಗಿ, ಹುಳುವಾಗಿ, ಗೂಡಾಗಿ, ಕೊನೆಗೆ ಚರಂಡಿಗೆ ಹರಿಯುತ್ತಿದೆ.

ಇಂದು ಡೇವಿಹ್ಯೂಮಿನ ಸೀಸೆ ಆಟದ ಮೈದಾನದಷ್ಟು ದೊಡ್ಡ ತೊಟ್ಟಿಯಾಗಿದೆ. ಬೆಂಗಳೂರಿನ ಹೆಬ್ಬಾಳದಂಥ ಘಟಕದೊಳಗೆ ಹೋದರೆ ಏನೇನು ಕಾಣುತ್ತದೆ? ಮೊದಲು ಕಬ್ಬಿಣದ ಸರಳುಗಳ ಜಾಲರಿ. ಪ್ಲಾಸ್ಟಿಕ್ ಚೀಲ, ಚಿಂದಿ ಬಟ್ಟೆ, ಶಾಂಪೂ ಪೊಟ್ಟಣ, ಕೂದಲು, ಒಮ್ಮೊಮ್ಮೆ ಚಪ್ಪಲಿ ಕೂಡ ಅಲ್ಲಿ ಸಿಕ್ಕಿಬೀಳುತ್ತವೆ. ಆಮೇಲೆ ಮರಳು ಇಳಿಯುವ ತೊಟ್ಟಿ. ಆಮೇಲೆ ಗಾಳಿ ಊದುವ ದೊಡ್ಡ ತೊಟ್ಟಿ, ಚಾಕಲೇಟ್ ಬಣ್ಣದ ನೀರು ಕೊತಕೊತ ಕುದಿಯುವಂತೆ ಕಾಣುತ್ತದೆ. ಅದರಾಚೆ ನೀರು ಅಲುಗದೆ ನಿಲ್ಲುವ ದುಂಡನೆಯ ತೊಟ್ಟಿ. ಅಲ್ಲಿ ಕೆಸರು ತಳಕ್ಕಿಳಿಯುತ್ತದೆ, ತಿಳಿನೀರು ಅಂಚಿನಿಂದ ಹೊರಬೀಳುತ್ತದೆ. ತಳದ ಕೆಸರಿನಲ್ಲಿ ಒಂದಷ್ಟನ್ನು ಪಂಪು ಮತ್ತೆ ಗಾಳಿಯ ತೊಟ್ಟಿಗೆ ಕಳಿಸುತ್ತದೆ. ಅದೇ ಹೆಪ್ಪು.

ಈ ಹೆಪ್ಪನ್ನು ಕಾಯುವವರು ಘಟಕದ ಆಪರೇಟರುಗಳು. ಹಗಲೂ ರಾತ್ರಿ ಪಾಳಿಯಲ್ಲಿ ಕೆಲಸ, ಏಕೆಂದರೆ ಊರಿನ ಬಚ್ಚಲಿಗೆ ರಜೆ ಇಲ್ಲ. ಇವರ ಕೆಲಸ ಗುಂಡಿ ಒತ್ತುವುದಷ್ಟೇ ಎಂದು ತಿಳಿಯಬೇಡಿ. ದನ ಸಾಕುವವರು ದನದ ಕಣ್ಣು, ಸಗಣಿ ನೋಡಿ ಅದರ ಆರೋಗ್ಯ ಹೇಳುವಂತೆ ಅನುಭವಿ ಆಪರೇಟರು ನೊರೆ, ಬಣ್ಣ, ವಾಸನೆಯಿಂದ ಕೆಸರಿನ ಆರೋಗ್ಯ ಹೇಳುತ್ತಾರೆ. ಒದ್ದೆ ಮಣ್ಣಿನ ವಾಸನೆ ಬಂದರೆ ಕೆಸರು ಸುಖವಾಗಿದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಉಸಿರುಗಟ್ಟುತ್ತಿದೆ. ಬಿಳಿ ನೊರೆ ಉಕ್ಕಿದರೆ ಕೆಸರು ಇನ್ನೂ ಎಳೆಯದಿರಬಹುದು ಅಥವಾ ಸೋಪು ಹೆಚ್ಚಾಗಿರಬಹುದು. ದಪ್ಪ ಕಂದು ನೊರೆಯಾದರೆ ದಾರದಂತೆ ಬೆಳೆಯುವ ಬೇಡದ ಬ್ಯಾಕ್ಟೀರಿಯಾಗಳು ಸೇರಿಕೊಂಡಿರಬಹುದು. ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ಇಟ್ಟು ನೋಡಿದರೆ ತೊಟ್ಟಿನ ತುದಿಯಲ್ಲಿ ಗಂಟೆಯಂತೆ ತೂಗುವ ವರ್ಟಿಸೆಲ್ಲಾ ಕಾಣುತ್ತದೆ. ಅದು ಕಂಡರೆ ಆಪರೇಟರಿಗೆ ಸಮಾಧಾನ. ನೀರಿನಲ್ಲಿ ಕರಗಿದ ಆಕ್ಸಿಜನ್ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಬೇಕು. ಕರೆಂಟು ಹೋಗಿ ಗಾಳಿ ನಿಂತರೆ ತೊಟ್ಟಿಯಲ್ಲಿರುವ ಆ ಜೀವಿಗಳೆಲ್ಲ ಉಸಿರಿಗೆ ಪರದಾಡುತ್ತವೆ. ಹೊತ್ತು ಹೆಚ್ಚಾದರೆ ಸಾಯುತ್ತವೆ. ಮತ್ತೆ ಹೊಸ ಹೆಪ್ಪು ಬೆಳೆಸಲು ದಿನಗಳು, ವಾರಗಳು ಬೇಕು. ಅಷ್ಟು ದಿನವೂ ಕೊಳಚೆ ಬರುತ್ತಲೇ ಇರುತ್ತದೆ.

ಆಪರೇಟರಿಗೆ ಅಪಾಯವೂ ಇದೆ. ಗಾಳಿ ತುಂಬಿದ ತೊಟ್ಟಿಯ ನೀರು ಹಗುರ. ಕೆರೆಯಲ್ಲಿ ಚೆನ್ನಾಗಿ ಈಜುವವರೂ ಅದರಲ್ಲಿ ಮುಳುಗಬಹುದು. ಅದಕ್ಕೇ ಅಂಚಿನಲ್ಲಿ ಕಂಬಿ, ತೇಲುಬಳೆ ಇರಲೇಬೇಕು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಮುಚ್ಚಿದ ಗುಂಡಿಗಳಲ್ಲಿ, ಮ್ಯಾನ್‌ಹೋಲುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಸೇರುತ್ತದೆ. ಸ್ವಲ್ಪವೇ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ ಅದು ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಇಳಿದವರು ಮೇಲೆ ಬರುವುದಿಲ್ಲ. ಅವರನ್ನು ಎತ್ತಲು ಇಳಿದವರೂ ಬರುವುದಿಲ್ಲ. ನಮ್ಮ ರಾಜ್ಯದಲ್ಲೂ ಹೀಗೆ ಸತ್ತವರಿದ್ದಾರೆ. ಅವರಲ್ಲಿ ಹೆಚ್ಚಿನವರು ತಲೆತಲಾಂತರದಿಂದ ಈ ಕೆಲಸಕ್ಕೆ ನೂಕಲ್ಪಟ್ಟ ಕೇರಿಗಳ ಜನ. 1970ರ ದಶಕದ ಆರಂಭದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ರಕ್ಷಣೆಯ ಸಾಧನಗಳಿಲ್ಲದೆ ಯಾರನ್ನೂ ಚರಂಡಿ ಗುಂಡಿಗೆ ಇಳಿಸಬಾರದು ಎಂದು 2013ರ ಕಾಯಿದೆ ಹೇಳುತ್ತದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಬರಿಮೈಯಲ್ಲಿ ಮ್ಯಾನ್‌ಹೋಲಿಗೆ ಇಳಿಯುತ್ತಿರುವುದು ಕಂಡರೆ ಅದು ಅಪರಾಧ ಎಂದು ದೊಡ್ಡವರಿಗೆ ತಿಳಿಸಿ. ಕೂಡಲೇ ತಿಳಿಸಿ.

ಒಳಚರಂಡಿಯೇ ಇಲ್ಲದ ಊರುಗಳ ಗತಿ ಏನು? ಅಲ್ಲಿ ಪ್ರತಿ ಮನೆಗೂ ಗುಂಡಿ. ತುಂಬಿದಾಗ ಲಾರಿ ಬಂದು ಹೀರಿಕೊಂಡು ಹೋಗುತ್ತದೆ. ಹೋಗಿ ಎಲ್ಲಿ ಸುರಿಯುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ. ವಿಜಯಪುರದ ತಾಲ್ಲೂಕು ಕೇಂದ್ರವಾದ ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಗುಂಡಿಗಳ ಕೆಸರಿಗೆಂದೇ ಒಂದು ಘಟಕ ಶುರುವಾಯಿತು. ಇಡೀ ಊರಿನ ಗುಂಡಿ ಕೆಸರಿಗೆಂದು ದೇಶದಲ್ಲೇ ಮೊದಲು ಕಟ್ಟಿದ ಘಟಕ ಇದು. ಇಲ್ಲಿ ಗಾಳಿ ಊದುವ ಯಂತ್ರವಿಲ್ಲ. ಕೆಸರು ಮುಚ್ಚಿದ ತೊಟ್ಟಿಗಳಲ್ಲಿ ಕಳಿತು, ಹಾಸುಗಳ ಮೇಲೆ ಬಿಸಿಲಿಗೆ ಒಣಗುತ್ತದೆ. ಆಮೇಲೆ ಊರಿನ ಹಸಿಕಸದ ಜೊತೆ ಸೇರಿ ಗೊಬ್ಬರವಾಗುತ್ತದೆ. ಫೌಲರ್, ಆಚಾರ್ಯ ಇಬ್ಬರಿಗೂ ಇದು ಗುರುತು ಸಿಗುತ್ತಿತ್ತು.

ಬೆಂಗಳೂರಿನಲ್ಲಿ ಶುದ್ಧೀಕರಿಸಿದ ನೀರು ಈಗ ನಮ್ಮ ಸೀಮೆಗೂ ಬರುತ್ತಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಕೊಳವೆಗಳು ಆ ನೀರನ್ನು ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ತುಂಬಿಸುತ್ತವೆ. ಕುಡಿಯಲು ಅಲ್ಲ, ಅಂತರ್ಜಲ ಹೆಚ್ಚಿಸಲು. ವರ್ಷಗಟ್ಟಲೆ ಬತ್ತಿದ್ದ ಕೆರೆಗಳಲ್ಲಿ ನೀರು ಕಂಡವರಿಗೆ ಸಂತೋಷ. ಆದರೆ ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂದು ನೀರಾವರಿ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಕೆರೆಯ ನೀರು ಕೊಳವೆ ಬಾವಿಗೂ ಹೋಗುತ್ತದೆ ಎಂಬುದನ್ನು ನೀವು ಮೇಲೆಯೇ ಓದಿದಿರಿ. ಅವರ ಮಾತಿನಲ್ಲಿ ಹುರುಳಿದೆ.

ಶಿಕ್ಷಕರ ಜೊತೆ ಯಾವುದಾದರೂ ಘಟಕ ನೋಡಲು ಹೋದರೆ ಒಂದು ಸಣ್ಣ ಪರೀಕ್ಷೆಯನ್ನು ತೋರಿಸಲು ಆಪರೇಟರನ್ನು ಕೇಳಿ. ಒಂದು ಲೀಟರಿನ ಅಳತೆ ಜಾಡಿಗೆ ಗಾಳಿ ತೊಟ್ಟಿಯ ನೀರು ತುಂಬಿ ಅಲುಗಿಸದೆ ಇಡುತ್ತಾರೆ. ಕಂದು ಮೋಡ ನಿಧಾನವಾಗಿ ಕೆಳಗಿಳಿಯುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಸರಿಯಾಗಿ ಮೂವತ್ತು ನಿಮಿಷಕ್ಕೆ ಕೆಸರು ಯಾವ ಗೆರೆಯಲ್ಲಿದೆ ಎಂದು ಬರೆದುಕೊಳ್ಳಿ. 250ರಿಂದ 300 ಮಿಲಿಲೀಟರ್ ಸುತ್ತಮುತ್ತ ಇದ್ದರೆ ಸಾಮಾನ್ಯವಾಗಿ ಹೆಪ್ಪು ಚೆನ್ನಾಗಿದೆ. ತುಂಬಾ ಮೇಲೆಯೇ ನಿಂತಿದ್ದರೆ ಏನಾಗಿದೆ, ಅದಕ್ಕೆ ಅವರು ಏನು ಮಾಡುತ್ತಾರೆ ಎಂದು ಅವರನ್ನೇ ಕೇಳಿ. ಜಾಡಿಯನ್ನು ಮಾತ್ರ ಮುಟ್ಟಬೇಡಿ. ಹೊರಡುವ ಮೊದಲು ಸೋಪಿನಿಂದ ಕೈ ತೊಳೆದುಕೊಳ್ಳಿ.